ಬೋರಿನ ನೀರು, ಹಿಟ್ಟಿನ ಮನೆ

ನಮ್ಮ ಬೋರಿನ ಮೋಟಾರು ಐನೂರ ಐವತ್ತು ಅಡಿ ಕೆಳಗಿದೆ. ಇಳಿಸಿದ ದಿನ ಬಿಟ್ಟರೆ ಮತ್ತೆ ನಾನು ಅದರ ಮುಖ ನೋಡಿಲ್ಲ. ಆಳುದ್ದದ ಉಕ್ಕಿನ ಕೊಳವೆ; ಕೆಳಗಿನ ಭಾಗ ಮೋಟಾರು, ಮೇಲಿನದು ಪಂಪು. ಇಪ್ಪತ್ತಡಿಯ ಪೈಪುಗಳನ್ನು ಒಂದಕ್ಕೊಂದು ತಿರುಗಿಸಿ ಜೋಡಿಸುತ್ತ ಅದನ್ನು ಭೂಮಿಯೊಳಗೆ ಬಿಡುವಾಗ ನಮ್ಮ ಯಜಮಾನರು ಕೈಮುಗಿದು ನಿಂತಿದ್ದರು. "ಇನ್ಮೇಲೆ ಅದಾಯ್ತು, ಭೂಮ್ತಾಯಿ ಆಯ್ತು" ಎಂದಿದ್ದರು. ಅವರು ಹೋಗಿ ನಾಲ್ಕು ವರ್ಷವಾಯಿತು. ಮೋಟಾರು ಇನ್ನೂ ಇದೆ.

ಅಷ್ಟು ಕೆಳಗೆ ತಿರುಗುವ ಯಂತ್ರದ ಸದ್ದು ಮೇಲೆ ಕೇಳುವುದಿಲ್ಲ. ಅದು ಸರಿಯಾಗಿದೆಯೋ ಇಲ್ಲವೋ ಎಂದು ನಮಗೆ ತಿಳಿಯುವುದು ಗೋಡೆಗೆ ಬಡಿದಿರುವ ಪ್ಯಾನಲ್ ಬೋರ್ಡಿನ ದೀಪಗಳಿಂದ, ಮತ್ತೆ ಸಂಪಿನೊಳಗೆ ಬೀಳುವ ನೀರಿನಿಂದ. ಮಿಕ್ಕಿದ್ದೆಲ್ಲ ಊಹೆ. ಆ ಊಹೆಯಿಂದಲೇ ನಾನು ಒಬ್ಬಳು ಹೆಣ್ಣುಮಗಳ ಅನ್ನಕ್ಕೆ ಕಲ್ಲು ಹಾಕಿದೆ. ಸುತ್ತಿಬಳಸಿ ಹೇಳುವುದು ನನ್ನ ಜಾಯಮಾನವಲ್ಲ, ಅದಕ್ಕೇ ಮೊದಲೇ ಹೇಳಿಬಿಟ್ಟೆ.

ಹೇರೋಹಳ್ಳಿಯಲ್ಲಿ ನಮ್ಮ ಮಾವನವರು ರಾಗಿ ಬೆಳೆಯುತ್ತಿದ್ದ ಹೊಲದ ಒಂದು ತುಂಡೇ ಈಗ ನಮ್ಮ ಮನೆ ನಿಂತಿರುವ ಜಾಗ. ಕೆಳಗೆ ಹಿಂದಿನ ಭಾಗದಲ್ಲಿ ನಾನು, ಮುಂದೆ ಒಂದು ಬಾಡಿಗೆ ಮನೆ, ಮೇಲೆ ಎರಡು. ಕಾವೇರಿ ನೀರಿನ ಪೈಪು ಬೀದಿಗೆ ಬಂದಿದೆ, ನೀರು ಮಾತ್ರ ತನಗೆ ಮನಸ್ಸಾದಾಗ ಬರುತ್ತದೆ. ಹಾಗಾಗಿ ನಾಲ್ಕು ಮನೆಯ ಸ್ನಾನ, ಪಾತ್ರೆ, ಬಟ್ಟೆ ಎಲ್ಲಕ್ಕೂ ಆ ಬೋರೇ ಗತಿ. ಯಜಮಾನರು ಹೋದ ಮೇಲೆ ಸ್ವಿಚ್ ಹಾಕುವುದು, ಆರಿಸುವುದು, ಲೈನ್‌ಮನ್ನನ್ನು ಬೈಯುವುದು ಎಲ್ಲ ನನ್ನ ಪಾಲಿಗೆ ಬಂತು. ಬೈಯುವುದಕ್ಕೆ ನನಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಮುಂದಿನ ಮನೆಯಲ್ಲಿದ್ದವಳನ್ನು ಬೀದಿಯವರೆಲ್ಲ ಹಿಟ್ಟಿನಕ್ಕ ಎನ್ನುತ್ತಿದ್ದರು. ಇನ್ನೂ ಮೂವತ್ತೈದು ದಾಟಿರಲಿಲ್ಲ. ಬೆಳಿಗ್ಗೆ ಅಕ್ಕಿ, ಉದ್ದಿನಬೇಳೆ ನೆನೆಹಾಕಿ, ಮಧ್ಯಾಹ್ನ ರುಬ್ಬಿ, ಸಂಜೆ ಕೆಲಸ ಬಿಟ್ಟು ಬರುವವರಿಗೆ ಇಡ್ಲಿ ದೋಸೆ ಹಿಟ್ಟು ಕಟ್ಟಿಕೊಡುತ್ತಿದ್ದಳು. ಗಂಡನಿಗೆ ಪೀಣ್ಯದ ಫ್ಯಾಕ್ಟರಿಯಲ್ಲಿ ಬಲಗೈಗೆ ಪೆಟ್ಟಾಗಿ ಭಾರದ ಕೆಲಸ ಕೂಡದು ಎಂದಾಗಿತ್ತು. ಅವನು ಯಾರದೋ ಅಂಗಡಿಯಲ್ಲಿ ಕೂತು ಬರುತ್ತಿದ್ದ. ಮನೆ ನಡೆಯುತ್ತಿದ್ದುದು ಇವಳ ಹಿಟ್ಟಿನಿಂದ. ದೊಡ್ಡ ಗ್ರೈಂಡರು ಅಡುಗೆಮನೆಯಲ್ಲಿ ಹಿಡಿಸದೆ ಹಾಲಿನ ಮೂಲೆಯಲ್ಲಿ ಕೂತಿತ್ತು, ಸೋಫಾ ಇರಬೇಕಾದ ಜಾಗದಲ್ಲಿ. ಆರು ವರ್ಷದಿಂದ ಕಟ್ಟಿಕೊಂಡ ಗಿರಾಕಿಗಳು. ಈ ಬೀದಿ ಬಿಟ್ಟರೆ ಆ ಗಿರಾಕಿಗಳಿಲ್ಲ, ಗಿರಾಕಿಗಳಿಲ್ಲದಿದ್ದರೆ ಹಿಟ್ಟಿಲ್ಲ. ಇದು ನನಗೆ ಗೊತ್ತಿಲ್ಲದ ವಿಷಯವೇನಲ್ಲ.

ಆ ಬೇಸಿಗೆಯಲ್ಲಿ ಊರಿಗೆ ಊರೇ ನೀರಿಲ್ಲದೆ ಒದ್ದಾಡುತ್ತಿತ್ತು. ಎದುರು ಬೀದಿಯ ಬೋರು ಬತ್ತಿತು, ಕೆರೆ ಕಡೆಯ ಬೋರು ಬತ್ತಿತು ಎಂದು ದಿನಕ್ಕೊಂದು ಸುದ್ದಿ. ಟ್ಯಾಂಕರಿನವರು ಫೋನ್ ಎತ್ತುತ್ತಿರಲಿಲ್ಲ. ಅಂಥದ್ದರಲ್ಲಿ ಒಂದು ಸಂಜೆ ಹನಿ ಮಳೆಯಿಲ್ಲದೆ ಬರೀ ಗಾಳಿ ಎದ್ದು, ರಸ್ತೆಬದಿಯ ಹೊಂಗೆಮರದ ಕೊಂಬೆಯೊಂದು ಮುರಿದು ನಮ್ಮ ಮನೆಗೆ ಕಂಬದಿಂದ ಬರುವ ಕರೆಂಟಿನ ವೈರಿನ ಮೇಲೆ ಬಿತ್ತು. ಮಾರನೆಯ ದಿನ ಲೈನ್‌ಮನ್ ಬಂದು ಕಂಬದಿಂದ ಹೊಸ ವೈರು ಎಳೆದು ಕೊಟ್ಟುಹೋದ. ಫ್ಯಾನು ತಿರುಗಿತು, ಫ್ರಿಜ್ಜು ಗುಂಯ್ ಎಂದಿತು, ಎಲ್ಲರಿಗೂ ಸಮಾಧಾನ.

ನಾನು ಹೋಗಿ ಮೋಟಾರಿನ ಹಸಿರು ಗುಂಡಿ ಒತ್ತಿದೆ. ಹೊರಡಲಿಲ್ಲ. ಬೋರ್ಡಿನೊಳಗೆ ಒಂದು ಚಿಕ್ಕ ಪೆಟ್ಟಿಗೆ ಇರುತ್ತದೆ, ಎಲ್ಲರೂ ಅದನ್ನು ಪ್ರಿವೆಂಟರ್ ಎನ್ನುತ್ತಾರೆ. ಮೂರು ಫೇಸಿನ ಕರೆಂಟಿನಲ್ಲಿ ಏನಾದರೂ ಹೆಚ್ಚುಕಮ್ಮಿಯಾದರೆ ಮೋಟಾರು ಹೊರಡದಂತೆ ತಡೆಯುವುದು ಅದರ ಕೆಲಸ. ಅದರ ಕೆಂಪು ದೀಪ ಉರಿಯುತ್ತಿತ್ತು. ಆರಿಸಿ ಮತ್ತೆ ಒತ್ತಿದೆ. ಮತ್ತೆ ಕೆಂಪು. ಮೇಲಿನ ಟ್ಯಾಂಕ್ ಖಾಲಿ, ಮೇಲಿನವರಿಂದ ಮೂರು ಫೋನು. ನಮ್ಮ ಬೀದಿಯ ಎಲೆಕ್ಟ್ರಿಷಿಯನ್‌ನನ್ನು ಕರೆಸಿದೆ. ಅವನು ಗಾಡಿಯಿಂದ ಇಳಿಯುತ್ತಲೇ ಅವಸರದಲ್ಲಿದ್ದ.

"ಇದು ಹಿಂಗೇ ಆಂಟಿ, ಸುಮ್‌ಸುಮ್ನೆ ಟ್ರಿಪ್ ಆಗ್ತಾ ಇರುತ್ತೆ. ಡೈರೆಕ್ಟ್ ಕೊಟ್‌ಬಿಡ್ಲಾ?"

"ಏನೂ ಆಗಲ್ವಾ?"

"ಈ ರೋಡಲ್ಲಿ ಎಲ್ಲಾರ್ದೂ ಡೈರೆಕ್ಟೇ. ನಿಮ್ದೊಂದೇ ಇನ್ನೂ ಇದರ ಮಾತು ಕೇಳ್ತಾ ಇರೋದು."

"ಹಾಗಾದ್ರೆ ಕೊಡಪ್ಪ ಮಾರಾಯ, ನನಗೆ ನೀರು ಬಂದ್ರೆ ಸಾಕು" ಎಂದೆ. ಅವನು ಆ ಪೆಟ್ಟಿಗೆಯನ್ನು ದಾಟಿಸಿ ಒಂದು ತುಂಡು ವೈರು ಹಾಕಿದ. ಗುಂಡಿ ಒತ್ತಿದರೆ ಮೋಟಾರು ಹೊರಟಿತು. ಸಂಪಿನಲ್ಲಿ ನೀರು ಬೀಳುವ ಸದ್ದು ಕೇಳಿ ನಾನು ಒಳಗೆ ಹೋಗಿ ಕಾಫಿಗೆ ಇಟ್ಟೆ. ಎಷ್ಟು ಬೀಳುತ್ತಿದೆ ಎಂದು ಬಗ್ಗಿ ನೋಡಲಿಲ್ಲ.

ಒಂದು ಗಂಟೆಯಲ್ಲಿ ತುಂಬುತ್ತಿದ್ದ ಸಂಪು ಅವತ್ತು ಮೂರು ಗಂಟೆ ಕಳೆದರೂ ಮೊಣಕಾಲುದ್ದ ದಾಟಲಿಲ್ಲ. ಪೈಪಿನ ಬಾಯಿಂದ ನೀರು ಬಳ್ಳಿಯಷ್ಟು ತೆಳ್ಳಗೆ ಬರುತ್ತಿತ್ತು. ಆಯಿತು, ನಮ್ಮ ಸರದಿಯೂ ಬಂತು, ಬೋರು ಬತ್ತುತ್ತಿದೆ ಎಂದುಕೊಂಡೆ. ಯಾರನ್ನು ಕೇಳಿದರೂ ಅದನ್ನೇ ಹೇಳಿದರು. ಎಲ್ಲರ ಬೋರೂ ಬತ್ತುತ್ತಿರುವಾಗ ನಮ್ಮದು ಬೇರೆ ಕಾರಣಕ್ಕೆ ಸೊರಗೀತು ಎಂದು ಯಾರಿಗೆ ತಾನೇ ಹೊಳೆಯುತ್ತದೆ?

ಮೋಟಾರ್ ಎತ್ತುವವನಿಗೆ ಫೋನ್ ಮಾಡಿದೆ. ಮೋಟಾರನ್ನು ಮೇಲೆತ್ತಿ ನೋಡಿ, ಆಳ ಉಳಿದಿದ್ದರೆ ಇನ್ನೆರಡು ಪೈಪು ಸೇರಿಸಿ ಇಳಿಸುವುದು ಎಂದು ನನ್ನ ಲೆಕ್ಕಾಚಾರ. "ಎಲ್ಲಾ ಕಡೆಯಿಂದ್ಲೂ ಕರೀತಾವ್ರೆ ಅಮ್ಮ, ಗಾಡಿ ಒಂದೇ ಇರೋದು. ಎರಡು ಮೂರು ವಾರ ಆಗುತ್ತೆ" ಎಂದ. ಆ ಎರಡು ಮೂರು ವಾರವನ್ನು ನಾನು ಹೇಗೆ ಕಳೆದೆ ಎಂದು ಕೇಳಬೇಡಿ. ದಿನಕ್ಕೆ ಎಂಟು ಗಂಟೆ ಮೋಟಾರು ಓಡಿಸಿದೆ. ಬೆಳಿಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ ಮಾತ್ರ ಮನೆಗಳಿಗೆ ನೀರು ಬಿಟ್ಟೆ. ವಾಲ್ವಿನ ಹಿಡಿ ಬಿಚ್ಚಿ ನನ್ನ ಸೆರಗಿನಲ್ಲಿ ಕಟ್ಟಿಕೊಂಡೆ.

ಮೇಲಿನ ಮನೆಯಾತ ಒಂದು ಬೆಳಿಗ್ಗೆ ಮೆಟ್ಟಿಲ ಮೇಲೆ ನಿಂತು ಬೀಜ ಬಿತ್ತಿದ. "ತಪ್ಪು ತಿಳ್ಕೋಬೇಡಿ ಆಂಟಿ. ನಾವೆಲ್ಲಾ ಬಕೆಟ್ ಸ್ನಾನ ಮಾಡ್ತಾ ಇದೀವಿ. ಕೆಳಗಡೆ ಹಿಟ್ಟಿನ ಬ್ಯುಸಿನೆಸ್‌ಗೇ ಅರ್ಧ ಸಂಪು ಹೋಗ್ತಾ ಇದೆ ಅನ್ಸುತ್ತೆ."

ಅವನು ಹೇಳಿದ ಮೇಲೆ ನನ್ನ ಕಣ್ಣಿಗೆ ಅದೇ ಕಾಣತೊಡಗಿತು. ಅವಳ ಬಚ್ಚಲಿನ ನೀರು ನಮ್ಮ ಗೇಟಿನ ಪಕ್ಕದ ಮೋರಿಗೆ ಬರುತ್ತದೆ. ಅಕ್ಕಿ ತೊಳೆದ ನೀರು ಬೆಳ್ಳಗೆ ಹರಿದರೆ ಬೀದಿಗೆಲ್ಲ ಕಾಣುತ್ತದೆ. ಮೇಲಿನವರ ವಾಷಿಂಗ್ ಮೆಷಿನ್ನಿನ ನೀರು ಪೈಪಿನೊಳಗೇ ಇಳಿದು ಹೋಗುತ್ತದೆ, ಅದನ್ನು ಯಾರೂ ನೋಡುವುದಿಲ್ಲ. ನಾನು ದಿನಾ ಗೇಟಿನ ಹತ್ತಿರ ನಿಂತು ಆ ಬಿಳಿ ನೀರನ್ನೇ ನೋಡುತ್ತಿದ್ದೆ. ನೋಡಿದಷ್ಟೂ ರಕ್ತ ಕುದಿಯುತ್ತಿತ್ತು.

ಐದನೆಯ ದಿನವೋ ಆರನೆಯ ದಿನವೋ, ಅವಳ ಬಾಗಿಲಲ್ಲಿ ನಿಂತು, ಯಾರನ್ನೂ ಹೆಸರಿಸದೆ, "ಈ ಮನೇಲಿ ಯಾರೋ ನೀರು ನೀರಿನ ಥರ ಖರ್ಚು ಮಾಡ್ತಾ ಇದಾರೆ" ಎಂದೆ.

ಅವಳು ಕೈ ಒರೆಸಿಕೊಳ್ಳುತ್ತ ಎದ್ದು ಬಂದಳು. "ಆಂಟಿ, ನಾನು ಅಕ್ಕಿ ಮೂರು ಸಲ ತೊಳೀತಿದ್ದೆ, ಈಗ ಎರಡೇ ಸಲ. ಆ ನೀರಲ್ಲೇ ಪಾತ್ರೆ ನೆನೆಸ್ತೀನಿ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ. ಈಗ ಯೋಚಿಸಿದರೆ, ಪಾಪ, ಬಾಗಿಲಿಗೇ ಬಂದು ನಿಂತ ಮನೆಯ ಯಜಮಾನಿಗೆ ಇನ್ನೇನು ತಾನೇ ಹೇಳಬೇಕಿತ್ತು ಅವಳು? ಆದರೆ ಅವತ್ತು ನನಗೆ ಯೋಚನೆ ಮಾಡುವ ತಾಳ್ಮೆ ಎಲ್ಲಿತ್ತು!

"ಎರಡು ಸಲವೋ ಹತ್ತು ಸಲವೋ ನಾನೇನು ನಿಂತು ಎಣಿಸ್ಲಾ? ಮೋರಿ ನೋಡಿದ್ರೆ ಗೊತ್ತಾಗಲ್ವಾ? ನಾಲ್ಕು ಮನೆಯವರು ಬಾಯಾರಿ ಸಾಯ್ಬೇಕು, ನಿನ್ನ ಹಿಟ್ಟು ಉಬ್ಬಬೇಕು, ಅಲ್ವಾ?"

"ಹಂಗನ್‌ಬೇಡಿ ಆಂಟಿ. ಹಿಟ್ಟು ನಿಲ್ಸಿದ್ರೆ ನಮ್ಮನೆ ಒಲೆ ಉರಿಯಲ್ಲ. ನಿಮಗೆ ಗೊತ್ತಲ್ಲ."

"ಗೊತ್ತು. ಅದಕ್ಕೇ ಹೇಳ್ತಾ ಇರೋದು, ನೀರಿರೋ ಕಡೆ ಹೋಗಿ ರುಬ್ಕೋ. ಈ ತಿಂಗಳ ಕೊನೆಗೆ ಮನೆ ಖಾಲಿ ಮಾಡ್ಬಿಡು."

ಬಾಯಿಂದ ಬಂದುಬಿಟ್ಟಿತು. ಖಾಲಿ ಮಾಡಿಸಬೇಕೆಂದು ಯೋಚಿಸಿ ಹೋದವಳಲ್ಲ ನಾನು. ಆದರೆ ಹೇಳಿದ ಮೇಲೆ ಹಿಂದಕ್ಕೆ ತೆಗೆದುಕೊಳ್ಳುವ ಅಭ್ಯಾಸವೂ ನನಗಿಲ್ಲ. ಅವಳು ಅಳಲಿಲ್ಲ, ಜಗಳವಾಡಲಿಲ್ಲ. ಒಂದು ಕ್ಷಣ ಗ್ರೈಂಡರಿನ ಕಡೆ ತಿರುಗಿ ನೋಡಿ, "ಆಯ್ತು ಆಂಟಿ" ಎಂದಳು. ಸಂಜೆ ಎಂದಿನಂತೆ ಗಿರಾಕಿಗಳು ಬಂದರು. ಅವರಿಗೆ ಅವಳು ಏನೂ ಹೇಳಲಿಲ್ಲ ಎಂದು ಆಮೇಲೆ ಗೊತ್ತಾಯಿತು.

ನಮ್ಮ ಕಡೆ ಮನೆ ಓನರುಗಳಲ್ಲಿ ಒಂದು ಪದ್ಧತಿ ಇದೆ. ಹೊಸಬರು ಬಾಡಿಗೆಗೆ ಕೇಳಿಕೊಂಡು ಬಂದರೆ ಅವರು ಈಗಿರುವ ಮನೆಯ ಓನರಿಗೆ ಫೋನು ಮಾಡಿ ವಿಚಾರಿಸುತ್ತೇವೆ. ಜಗಳಗಂಟರಾ, ನೆಂಟರು ಜಾಸ್ತಿ ಬರುತ್ತಾರಾ, ಗೋಡೆಗೆ ಮೊಳೆ ಹೊಡೆಯುತ್ತಾರಾ. ಆ ಬೇಸಿಗೆಯಲ್ಲಿ ಎಲ್ಲರ ಮೊದಲ ಪ್ರಶ್ನೆ ಒಂದೇ: ನೀರು ಹೇಗೆ ಬಳಸುತ್ತಾರೆ? ನಾಗರಬಾವಿಯಿಂದ ಒಬ್ಬರು ನನಗೆ ಫೋನು ಮಾಡಿದರು. ಹೆಣ್ಣುಮಗಳು ಒಳ್ಳೆಯವಳೇ, ಬಾಡಿಗೆ ತಪ್ಪಿಸಿಲ್ಲ, ನೀರು ಮಾತ್ರ ವಿಪರೀತ ಎಂದೆ. ನಿಜವನ್ನೇ ಹೇಳಿದ್ದೇನೆ ಎಂದು ನನಗೆ ಹೆಮ್ಮೆ ಬೇರೆ. ಅವರು ಮನೆ ಕೊಡಲಿಲ್ಲ. ನಾಗರಬಾವಿಯಾಗಿದ್ದರೆ ಅವಳ ಗಿರಾಕಿಗಳಲ್ಲಿ ಕೆಲವರಾದರೂ ಗಾಡಿಯಲ್ಲಿ ಹೋಗಿ ಹಿಟ್ಟು ತರುತ್ತಿದ್ದರೇನೋ.

ಆಮೇಲೆ ಕೆಂಗೇರಿ ದಾಟಿದ ಮೇಲಿನ ಒಂದು ಹೊಸ ಲೇಔಟಿನಿಂದ ಒಬ್ಬ ಹೆಂಗಸು ಫೋನು ಮಾಡಿದಳು. ನಾನು ಅದೇ ಮಾತು ಹೇಳಿದೆ. ಅವಳು ಸ್ವಲ್ಪ ಯೋಚಿಸಿ, "ಸರಿ ಬಿಡಿ, ಮನೆ ಕೊಡ್ತೀನಿ. ಆದ್ರೆ ಗ್ರೈಂಡರ್ ಗಿಂಡರ್ ಎಲ್ಲಾ ಇಲ್ಲಿಗೆ ತರೋ ಹಾಗಿಲ್ಲ" ಎಂದಳು. ಎರಡು ದಿನವಾದ ಮೇಲೆ ಹಿಟ್ಟಿನಕ್ಕ ಗೇಟಿನಲ್ಲಿ ಸಿಕ್ಕಿ, "ಮನೆ ಸಿಕ್ತು ಆಂಟಿ, ಭಾನುವಾರ ಹೋಗ್ತೀವಿ" ಎಂದಳು. ಗ್ರೈಂಡರಿನ ಮಾತು ಎತ್ತಲಿಲ್ಲ. ನಾನೂ ಕೇಳಲಿಲ್ಲ. ಆ ನಾಲ್ಕು ದಿನ ಅವಳ ಮುಂದೆ ಹಾದುಹೋಗುವಾಗ ನಾನು ಕೈಯಲ್ಲಿ ಏನಾದರೂ ಕೆಲಸ ಇಟ್ಟುಕೊಂಡು ತಲೆ ತಗ್ಗಿಸಿಕೊಂಡೇ ಹೋದೆ. ಒಳಗೆ ಏನೋ ಚುಚ್ಚುತ್ತಿತ್ತು, ಆದರೆ ಸಂಪು ನೋಡಿದೊಡನೆ ಮತ್ತೆ ಸಿಟ್ಟು ಬರುತ್ತಿತ್ತು. ಅವಳು ರುಬ್ಬುವುದನ್ನು ಅರ್ಧಕ್ಕೆ ಇಳಿಸಿದ್ದಳು, ಆದರೂ ಸಂಪಿನಲ್ಲಿ ನೀರು ಹೆಚ್ಚಾಗಿರಲಿಲ್ಲ. ಅದನ್ನು ನೋಡಿಯಾದರೂ ನನಗೆ ಬುದ್ಧಿ ಬರಬೇಕಿತ್ತು.

ಭಾನುವಾರ ಬೆಳಿಗ್ಗೆ ಎಂಟಕ್ಕೆ ಅವರ ಟೆಂಪೋ ಬಂತು. ಅರ್ಧ ಗಂಟೆಗೆ ಮೋಟಾರ್ ಎತ್ತುವವನ ಗಾಡಿಯೂ ಬಂತು. ಎರಡಕ್ಕೂ ನಿಲ್ಲಲು ಜಾಗ ಸಾಲದೆ ಟೆಂಪೋದವನನ್ನು ಸ್ವಲ್ಪ ಮುಂದಕ್ಕೆ ಹೋಗಪ್ಪ ಎಂದು ನಾನೇ ಹೇಳಿದೆ. ಮೆಕ್ಯಾನಿಕ್ ಐವತ್ತರ ಆಸುಪಾಸಿನವನು, ಮಾತು ಕಡಿಮೆ. ಇನ್ನೇನು ಚೈನು ಇಳಿಸುತ್ತಾನೆ ಎಂದುಕೊಂಡರೆ, ಅವನು ಬೋರಿನ ಕಡೆ ನೋಡದೆ ನೆಟ್ಟಗೆ ಗೋಡೆಯ ಬೋರ್ಡಿನ ಬಾಗಿಲು ತೆಗೆದ.

"ಇದ್ಯಾರಮ್ಮ ಡೈರೆಕ್ಟ್ ಮಾಡಿದ್ದು?"

"ನಾನೇ ಮಾಡಿಸ್ದೆ. ಅದು ಹಾಳಾದ್ದು ಹೊರಡೋಕೇ ಬಿಡ್ತಿರ್ಲಿಲ್ಲ" ಎಂದೆ, ಗಡಸಾಗಿಯೇ.

"ಯಾವಾಗಿಂದ ಬಿಡ್ತಿರ್ಲಿಲ್ಲ?"

"ಕಂಬದಿಂದ ಹೊಸ ವೈರ್ ಎಳೆದ್ರಲ್ಲ, ಅವತ್ತಿಂದ."

"ನೀರು ಕಮ್ಮಿಯಾಗಿದ್ದು?"

ನಾನು ಬಾಯಿ ತೆರೆದೆ. ಉತ್ತರ ನನಗೇ ಕೇಳಿಸಿತು. ಅವತ್ತಿಂದಲೇ. ಅದೇ ದಿನದಿಂದ. ಹದಿನೆಂಟು ದಿನ ನಾನು ಬಿಸಿಲನ್ನು ಬೈದೆ, ಟ್ಯಾಂಕರಿನವರನ್ನು ಬೈದೆ, ಆ ಹೆಣ್ಣುಮಗಳನ್ನು ಬೈದೆ. ಈ ಎರಡು ದಿನಗಳನ್ನು ಪಕ್ಕಪಕ್ಕ ಇಟ್ಟು ಒಂದು ಸಲವೂ ನೋಡಿರಲಿಲ್ಲ.

ಅವನು ಮೈನ್ ಆರಿಸಿದ. ಮೈನಿನಿಂದ ಬೋರ್ಡಿಗೆ ಬರುವ ಮೂರು ವೈರುಗಳಲ್ಲಿ ಎರಡನ್ನು ಬಿಚ್ಚಿದ. "ಎತ್ತೋಕೆ ಮುಂಚೆ ಒಂದ್ ಸಲ ಉಲ್ಟಾ ಹಾಕಿ ನೋಡ್ತೀನಿ" ಎಂದು ಇದರ ಜಾಗಕ್ಕೆ ಅದನ್ನು, ಅದರ ಜಾಗಕ್ಕೆ ಇದನ್ನು ಹಾಕಿ ಬಿಗಿದ. ಅಷ್ಟೇ. ಸ್ಕ್ರೂಡ್ರೈವರಿನ ಐದು ನಿಮಿಷದ ಕೆಲಸ.

ಮುಂದುಗಡೆ ಟೆಂಪೋಗೆ ಮಂಚ ಹತ್ತಿಸುತ್ತಿದ್ದರು. ಅವನು ಆಮೇಲೆ ಅಡ್ಡ ಹಾಕಿದ್ದ ತುಂಡು ವೈರನ್ನೂ ಕಿತ್ತುಹಾಕಿ, ಪ್ರಿವೆಂಟರನ್ನು ಮತ್ತೆ ಸೇರಿಸಿ, ಮೈನ್ ಹಾಕಿದ. ಕೆಂಪು ದೀಪ ಬರಲಿಲ್ಲ. ಹಸಿರು ಗುಂಡಿ ಒತ್ತಿದ. ಸಂಪಿನ ಪೈಪು ಒಂದು ಸಲ ಒದರಿತು, ಸ್ವಲ್ಪ ಗಾಳಿ ಉಗುಳಿತು. ಮರುಕ್ಷಣ ಪೈಪಿನ ಬಾಯಿ ತುಂಬ ನೀರು ದಬದಬನೆ ಬಂದು ಸಂಪಿನ ತಳಕ್ಕೆ ಬಿದ್ದ ಸದ್ದಿಗೆ ನಾನು ಹಿಂದಕ್ಕೆ ಸರಿದೆ.

"ನೋಡೀಮ್ಮಾ, ಈ ಪಂಪು ನೀರನ್ನ ಎಳೆಯಲ್ಲ, ತಳ್ಳುತ್ತೆ" ಎಂದು ಅವನು ಕೈ ಒರೆಸಿಕೊಳ್ಳುತ್ತ ಹೇಳಿದ. ಮೊದಲ ಸಲ ಅವನು ಅಷ್ಟು ಮಾತಾಡಿದ್ದು. ಪಂಪಿನೊಳಗೆ ರೆಕ್ಕೆ ಇರುವ ಚಕ್ರಗಳು ಒಂದರ ಮೇಲೊಂದು ಕೂತಿರುತ್ತವಂತೆ. ಕೆಳಗಿನ ಚಕ್ರ ಮೇಲಿನದಕ್ಕೆ ನೀರು ತಳ್ಳಿದರೆ ಅದು ಅದರ ಮೇಲಿನದಕ್ಕೆ ಇನ್ನಷ್ಟು ಜೋರಾಗಿ ತಳ್ಳುತ್ತದೆ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ನೀರು ಭೂಮಿಯ ಮೇಲಕ್ಕೆ ಬರುತ್ತದೆ. ಆ ರೆಕ್ಕೆಗಳೆಲ್ಲ ಒಂದೇ ಕಡೆಗೆ ಬಾಗಿರುತ್ತವೆ. ಮೂರು ಫೇಸಿನಲ್ಲಿ ಎರಡು ಅದಲುಬದಲಾದರೆ ಮೋಟಾರು ಹಿಂದುಮುಂದಾಗಿ ತಿರುಗುತ್ತದೆ. ಮಜ್ಜಿಗೆ ಕಡೆಗೋಲು ಎಡಕ್ಕೆ ಸುತ್ತಿದರೂ ಬಲಕ್ಕೆ ಸುತ್ತಿದರೂ ಬೆಣ್ಣೆ ಬರುತ್ತದೆ, ಪಂಪಿಗೆ ಹಾಗಲ್ಲ.

"ಉಲ್ಟಾ ತಿರುಗಿದ್ರೆ ನಿಂತೇ ಹೋದ್ರೆ ಚೆನ್ನಾಗಿತ್ತು. ನಿಲ್ಲಲ್ಲ. ಕರೆಂಟೂ ತಗೊಳ್ಳುತ್ತೆ, ಅಲ್ಪಸ್ವಲ್ಪ ನೀರೂ ಕೊಡುತ್ತೆ. ಅದೇ ಮೋಸ ಮಾಡೋದು. ಮೇಲಿರೋ ಫ್ಯಾನಾದ್ರೆ ಕಣ್ಣಿಗೆ ಕಾಣುತ್ತೆ, ಇದು ಐನೂರು ಅಡಿ ಕೆಳಗೆ ಯಾವ ಕಡೆ ತಿರುಗ್ತಾ ಐತೆ ಅಂತ ಯಾರು ನೋಡ್ತಾರೆ? ಅದನ್ನ ಹೇಳೋಕೇ ಈ ಪೆಟ್ಟಿಗೆ ಇದ್ದಿದ್ದು. ಅದು ಹೇಳ್ತು, ನೀವು ಬಾಯಿ ಮುಚ್ಚಿಸಿದ್ರಿ."

ನಾನು ಕೆಂಪು ಗುಂಡಿ ಒತ್ತಿ ಮೋಟಾರು ಆರಿಸಿದೆ.

"ಯಾಕಮ್ಮ?" ಎಂದ ಅವನು.

ಯಾಕೆಂದರೆ ನೀರು ಬೀಳುವ ಸದ್ದು ಮುಂದಿನ ಮನೆಗೆ ಕೇಳಿಸುತ್ತಿತ್ತು. ಬಚ್ಚಿಡುವುದೇಕೆ, ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ. ಇನ್ನು ಅರ್ಧ ಗಂಟೆ ಸುಮ್ಮನಿದ್ದರೆ ಟೆಂಪೋ ಹೊರಟುಹೋಗುತ್ತದೆ, ಮೋಟಾರು ಎತ್ತಿಸಿ ಸರಿಮಾಡಿಸಿದೆ ಎಂದರೆ ಮೇಲಿನವರು ನಂಬುತ್ತಾರೆ, ನನ್ನ ಮಾನ ಉಳಿಯುತ್ತದೆ. ಇಷ್ಟು ಲೆಕ್ಕ ಆ ಒಂದು ಗಳಿಗೆಯಲ್ಲಿ ನನ್ನ ತಲೆಯಲ್ಲಿ ಓಡಿತು. ಥೂ, ಅರವತ್ತು ವರ್ಷದ ಹೆಂಗಸು ನಾನು!

ಮೆಕ್ಯಾನಿಕ್ಕಿಗೆ ಇದೊಂದೂ ಗೊತ್ತಿರಲಿಲ್ಲ. ಅವನು ಬೋರ್ಡಿನ ಬಾಗಿಲು ಮುಚ್ಚುತ್ತ ಮೋಟಾರಿನ ಬಗ್ಗೆ ಮಾತಾಡುತ್ತಿದ್ದ. "ಬೋರಲ್ಲಿ ನೀರೈತೆ, ಮೋಟಾರೂ ಚೆನ್ನಾಗೈತೆ. ತಪ್ಪು ಕಂಬದ ಹತ್ರ, ಹೊಸ ವೈರ್ ಸೇರಿಸ್ವಾಗ ಎರಡು ಅದಲುಬದಲಾಗೈತೆ. ಎತ್ತಿ ಬಿಚ್ಚಿ ಹಾಕಿದ್ದಿದ್ರೆ, ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳೆದಂಗೆ ಆಗ್ತಿತ್ತು" ಎಂದು ನಕ್ಕ.

ನನಗೆ ನಗು ಬರಲಿಲ್ಲ. ನಾನೇ ಕೈ ಚಾಚಿ ಹಸಿರು ಗುಂಡಿ ಒತ್ತಿ ಮುಂದುಗಡೆಗೆ ನಡೆದೆ.

ಸಾಮಾನೆಲ್ಲ ಟೆಂಪೋ ಹತ್ತಿಯಾಗಿತ್ತು. ಕೊನೆಗೆ ಗ್ರೈಂಡರನ್ನು ನಾಲ್ಕು ಜನ ಹಿಡಿದು ಏರಿಸಿ, ಹಳೆ ಬೆಡ್‌ಶೀಟ್ ಸುತ್ತಿ ಹಗ್ಗ ಬಿಗಿಯುತ್ತಿದ್ದರು. ಅವಳು ಖಾಲಿ ಹಾಲು ಗುಡಿಸುತ್ತಿದ್ದವಳು ಪೊರಕೆ ಹಿಡಿದೇ ಹೊರಗೆ ಬಂದಳು. ಸಂಪಿನ ಸದ್ದು ಅವಳಿಗೂ ಕೇಳಿಸಿತ್ತು.

"ನೀರು ಬಂತಾ ಆಂಟಿ?"

"ಬಂತು. ನೀರು ಎಲ್ಲೂ ಹೋಗಿರ್ಲಿಲ್ಲ ಕಣಮ್ಮ. ಮೋಟಾರ್ ಉಲ್ಟಾ ತಿರುಗ್ತಾ ಇತ್ತು. ವೈರ್ ಬದಲಾಗಿತ್ತು. ಅದನ್ನ ಹೇಳೋ ಪೆಟ್ಟಿಗೇನ ನಾನೇ ಕಿತ್ತಾಕಿಸಿದ್ದೆ. ನಿನ್ನಿಂದ ಏನೂ ಆಗಿಲ್ಲ. ತಪ್ಪೆಲ್ಲ ನಂದೇ."

ಅವಳ ಗಂಡ ಟೆಂಪೋದ ಹತ್ತಿರದಿಂದ ನಮ್ಮ ಕಡೆ ನೋಡಿ ಮತ್ತೆ ಆ ಕಡೆ ತಿರುಗಿಕೊಂಡ. ಅವಳು ಬೈದಿದ್ದರೆ ಎಷ್ಟೋ ವಾಸಿಯಿತ್ತು. ಬೈಗುಳಕ್ಕೆ ಬೈಗುಳ ಕೊಡಲು ನನಗೆ ಬರುತ್ತದೆ.

"ಆಂಟಿ, ಒಂದು ಫೋನ್ ಮಾಡ್ತೀರಾ?" ಎಂದಳು. "ಆ ಕೆಂಗೇರಿ ಓನರ್‌ಗೆ. ಗ್ರೈಂಡರ್ ಬೇಡ ಅಂದಿದಾರೆ. ಅಲ್ಲಿ ಹೋಗಿ ಕೈಕಾಲು ಹಿಡ್ಕೊಂಡು ಒಪ್ಪಿಸೋಣ ಅಂತ ಟೆಂಪೋಗೆ ಹಾಕ್ಸಿದೀನಿ. ನಾನು ನೀರು ಪೋಲು ಮಾಡೋಳಲ್ಲ ಅಂತ ನೀವೇ ಹೇಳ್ಬಿಟ್ರೆ ಬಿಟ್ಕೊಡ್ತಾರೆ. ನಿಮ್ಮ ಮಾತು ಕೇಳೇ ಅಲ್ವಾ ಅವರು ಬೇಡ ಅಂದಿದ್ದು."

ಅಲ್ಲೇ ನಿಂತು ಫೋನು ಮಾಡಿದೆ. ಅವಳಿಗೂ ಕೇಳಲಿ ಎಂದು ಸ್ಪೀಕರ್ ಹಾಕಿದೆ. ಯಾರ ಮುಂದೆಯೂ ತಗ್ಗದ ನನ್ನ ದನಿ 'ತಪ್ಪಾಯ್ತು' ಎನ್ನುವಾಗ ಗೊಗ್ಗರಾಗಿತ್ತು. ಮೋಟಾರಿನ ಕಥೆ, ವೈರಿನ ಕಥೆ ಎಲ್ಲ ಹೇಳಿದೆ. ಇಂಥ ಹೆಣ್ಣುಮಗಳು ಸಿಗುವುದಿಲ್ಲ, ಒಂದು ಲೋಟ ನೀರು ಚೆಲ್ಲುವವಳಲ್ಲ, ಆರು ವರ್ಷ ನೋಡಿದ್ದೇನೆ, ದಯವಿಟ್ಟು ಗ್ರೈಂಡರ್ ಇಟ್ಟುಕೊಳ್ಳಲು ಬಿಡಿ ಎಂದೆ.

ಆ ಕಡೆಯ ಹೆಂಗಸು ಎಲ್ಲ ಕೇಳಿಸಿಕೊಂಡು ನಕ್ಕಳು.

"ನಾನೂ ಇಪ್ಪತ್ತು ವರ್ಷದಿಂದ ಮನೆ ಬಾಡಿಗೆಗೆ ಕೊಡ್ತಾ ಇದೀನಿ ಅಕ್ಕ. ಖಾಲಿ ಮಾಡಿಸೋ ಹೊತ್ತಿಗೆ ಎಲ್ಲಾ ಓನರ್‌ಗಳೂ ಬಾಡಿಗೆಯವರನ್ನ ಹೊಗಳ್ತಾರೆ. ಟೆಂಪೋ ಬಂದ್‌ಬಿಟ್ಟಿದೆ, ಎಲ್ಲಿ ವಾಪಸ್ ಬಂದ್‌ಬಿಡ್ತಾರೋ ಅಂತ ತಾನೇ ನಿಮಗೆ? ನೀವು ಮೊದಲು ಹೇಳಿದ್ರಲ್ಲ, ಅದೇ ನಿಜ. ಗ್ರೈಂಡರ್ ತಂದ್ರೆ ಗೇಟ್ ತೆಗೆಯಲ್ಲ ಅಂತ ಹೇಳಿ ಅವರಿಗೆ."

"ಅಲ್ಲ ಕಣ್ರೀ, ದೇವ್ರಾಣೆಗೂ..." ಎಂದೆ. ಫೋನು ಇಟ್ಟಾಗಿತ್ತು. ಮತ್ತೆ ಮಾಡಿದೆ, ಎತ್ತಲಿಲ್ಲ. ಇನ್ನೊಂದು ಸಲ ಮಾಡಿದೆ.

"ಬಿಡಿ ಆಂಟಿ" ಎಂದಳು ಅವಳು. ಪೊರಕೆಯನ್ನು ಗೋಡೆಗೆ ಒರಗಿಸಿ ಟೆಂಪೋದ ಕಡೆ ಕೂಗಿದಳು. "ಅಣ್ಣ, ಗ್ರೈಂಡರ್ ಇಳಿಸ್ಬಿಡಿ."

ಅವರು ಹಗ್ಗ ಬಿಚ್ಚತೊಡಗಿದರು. ಇಳಿಸಲು ಕೈ ಸಾಲದೆ ಮೆಕ್ಯಾನಿಕ್ಕನ್ನೂ ಕರೆದರು. ನಾನು ಅವಳ ಕೈ ಹಿಡಿದುಕೊಂಡೆ. "ಅದೊಂದೇ ಯಾಕೆ, ಎಲ್ಲಾ ಇಳಿಸ್ಲಿ. ನೀನು ಎಲ್ಲೂ ಹೋಗ್ಬೇಡ ಕಣಮ್ಮ. ಇದು ನಿನ್ನ ಮನೆ. ಎಷ್ಟು ಬೇಕಾದ್ರೂ ರುಬ್ಬು, ಎಷ್ಟು ಬೇಕಾದ್ರೂ ತೊಳಿ, ಇನ್ನು ಒಂದು ಮಾತು ಆಡಲ್ಲ. ನೀರಿದೆ ನೋಡು, ಸಂಪು ತುಂಬ್ತಾ ಇದೆ."

ಅವಳು ಕೈ ಬಿಡಿಸಿಕೊಳ್ಳಲಿಲ್ಲ. ಮೆಲ್ಲಗೆ, ನನಗೆ ಮಾತ್ರ ಕೇಳುವಷ್ಟು ದನಿಯಲ್ಲಿ ಹೇಳಿದಳು.

"ಇವತ್ತು ಮೋಟಾರ್ ಸರಿಯಾಯ್ತು, ನಾನು ಒಳ್ಳೇವಳಾದೆ. ಮುಂದಿನ ಬೇಸಿಗೇಲಿ ನಿಜವಾಗ್ಲೂ ಬೋರ್ ಬತ್ತಿದ್ರೆ, ಮೊದಲು ಯಾರ ಬಾಗಿಲಿಗೆ ಬರ್ತೀರಾ ಆಂಟಿ?"

ಇಲ್ಲ, ಬರುವುದಿಲ್ಲ ಎಂದು ಹೇಳಬೇಕಿತ್ತು. ನನಗೆ ನನ್ನ ಗುಣ ಗೊತ್ತು, ಅವಳಿಗೂ ಗೊತ್ತು. ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ. ಅವಳು ಒಳಗೆ ಹೋಗಿ ಬಾಗಿಲು ಎಳೆದುಕೊಂಡು ಬಂದು ಬೀಗದ ಕೈ ನನ್ನ ಅಂಗೈಯಲ್ಲಿಟ್ಟಳು. ಗಂಡಹೆಂಡತಿ ಟೆಂಪೋದ ಮುಂದುಗಡೆ ಹತ್ತಿ ಕೂತರು. ಗಾಡಿ ಮಾಗಡಿ ರೋಡಿನ ಕಡೆ ತಿರುಗಿತು. ಗ್ರೈಂಡರು ಗೇಟಿನೊಳಗೆ ಬಿಸಿಲಲ್ಲಿ ನಿಂತಿತ್ತು.

ಹಿಂದುಗಡೆಯಿಂದ ಮೆಕ್ಯಾನಿಕ್ ಕೂಗಿದ. "ಅಮ್ಮಾ, ಸಂಪು ತುಂಬಿ ಹೊರಗೆ ಹರೀತಾ ಐತೆ. ಆಫ್ ಮಾಡ್ಲಾ?"

"ಮಾಡಪ್ಪ" ಎಂದೆ.